ಇಂಗ್ಲಿಷ್ ಮೇಷ್ಟರು ಕಲಿಸಿದ ಕನ್ನಡ

ಹಳೆಯ ಮೈಸೂರಿನ ಕಡೆ ಮನುಷ್ಯನ ಹೆಸರಿಗಿಂತ ಮೊದಲು ಅವನ ಊರು ಬರುತ್ತದೆ. ಮಳವಳ್ಳಿ ತಾಲ್ಲೂಕಿನ ಬೆಳಕವಾಡಿಯನ್ನು ಕಣ್ಣಾರೆ ಕಾಣದ ಸಂಗೀತ ಪ್ರೇಮಿಗಳೂ ಆ ಹೆಸರನ್ನು ಬಲ್ಲರು. ಮೈಸೂರಿನ ಆಸ್ಥಾನ ವಿದ್ವಾಂಸರಾಗಿದ್ದ ಬೆಳಕವಾಡಿ ಶ್ರೀನಿವಾಸ ಅಯ್ಯಂಗಾರ್ಯರು ಅದನ್ನು ತಮ್ಮ ಹೆಸರಿನೊಡನೆ ಹೊತ್ತು ತಿರುಗಿದರು. ಅದೇ ಮಂಡ್ಯ ಜಿಲ್ಲೆಯ ಇನ್ನೂ ಕೆಲವು ಊರುಗಳು ಕನ್ನಡ ಸಾಹಿತ್ಯದಲ್ಲಿ ಒಂದೊಂದು ಅಕ್ಷರವಾಗಿ ಅಡಗಿ ಕುಳಿತಿವೆ. ಕೆ.ಎಸ್. ನರಸಿಂಹಸ್ವಾಮಿಯವರ 'ಕೆ' ಎಂದರೆ ಕಿಕ್ಕೇರಿ. ಎ.ಎನ್. ಮೂರ್ತಿರಾಯರ 'ಎ' ಎಂದರೆ ಅಕ್ಕಿಹೆಬ್ಬಾಳು. ಬಿ.ಎಂ. ಶ್ರೀಕಂಠಯ್ಯನವರ 'ಬಿ' ನಾಗಮಂಗಲ ತಾಲ್ಲೂಕಿನ ಬೆಳ್ಳೂರು. ಬೆಂಗಳೂರಿನಿಂದ ಮಂಗಳೂರಿಗೆ ಹೋಗುವ ಬಸ್ಸುಗಳ ಪ್ರಯಾಣಿಕರಿಗೆ 'ಬೆಳ್ಳೂರು ಕ್ರಾಸ್' ಎಂದು ಪರಿಚಿತವಾದ ಜಾಗದ ಪಕ್ಕದ ಊರು.

ಶ್ರೀಕಂಠಯ್ಯನವರು ಹುಟ್ಟಿದ್ದು ಬೆಳ್ಳೂರಿನಲ್ಲಲ್ಲ. 1884ರ ಜನವರಿ 3ರಂದು, ತುಮಕೂರು ಜಿಲ್ಲೆ ತುರುವೇಕೆರೆ ತಾಲ್ಲೂಕಿನ ಸಂಪಿಗೆಯಲ್ಲಿ. ತಂದೆ ಮೈಲಾರಯ್ಯನವರು ಶ್ರೀರಂಗಪಟ್ಟಣದಲ್ಲಿ ವಕೀಲರಾಗಿದ್ದುದರಿಂದ ಬಾಲ್ಯ ಕಳೆದದ್ದು ಕಾವೇರಿಯ ದಂಡೆಯಲ್ಲಿ. ಮೈಸೂರು, ಬೆಂಗಳೂರುಗಳಲ್ಲಿ ಓದಿ, ಮದರಾಸಿನಲ್ಲಿ ಕಾನೂನು ಪದವಿಯನ್ನೂ ಅನಂತರ ಎಂ.ಎ. ಪದವಿಯನ್ನೂ ಪಡೆದು, 1909ರಲ್ಲಿ ಮೈಸೂರಿನ ಮಹಾರಾಜಾ ಕಾಲೇಜನ್ನು ಅಧ್ಯಾಪಕರಾಗಿ ಸೇರಿದರು. ಅವರು ಅಲ್ಲಿ ಕಲಿಸಬೇಕಾಗಿದ್ದುದು ಇಂಗ್ಲಿಷ್.

ಜರಿಪೇಟ, ಉದ್ದ ಕೋಟಿನ ಅವರ ಭಾವಚಿತ್ರವನ್ನು ಶಾಲೆಯ ಪಠ್ಯಪುಸ್ತಕದಲ್ಲಿ ನೋಡಿರುವವರಿಗೆ 'ಬಿ.ಎಂ.ಶ್ರೀ' ಎಂದರೆ ಹೊಸಗನ್ನಡದ ಆಚಾರ್ಯಪುರುಷ, 'ಕನ್ನಡದ ಕಣ್ವ'. ಆದರೆ ಅವರ ಸ್ವಂತ ಕೃತಿಗಳನ್ನು ಒಂದೆಡೆ ಜೋಡಿಸಿಟ್ಟರೆ ಅಚ್ಚರಿಯಾಗುತ್ತದೆ. ಒಂದು ಅನುವಾದಿತ ಕವಿತೆಗಳ ಸಂಕಲನ, ಮೂರು ನಾಟಕಗಳು, 'ಹೊಂಗನಸುಗಳು' ಎಂಬ ಸ್ವತಂತ್ರ ಕವಿತೆಗಳ ಪುಸ್ತಕ, ಭಾಷಣಗಳು, ಲೇಖನಗಳು, ಪೂರ್ತಿಯಾಗದೆ ಉಳಿದ ಸಾಹಿತ್ಯ ಚರಿತ್ರೆ. ಮೂರು ನಾಟಕಗಳಲ್ಲಿ ಒಂದು ರನ್ನನಿಂದ ಬಂದದ್ದು, ಉಳಿದೆರಡು ಗ್ರೀಕರಿಂದ ಬಂದವು. ಇಷ್ಟು ಬರೆದವರು, ಅದರಲ್ಲೂ ಬಹುಪಾಲು ಬೇರೆಯವರನ್ನು ಆಧರಿಸಿ ಬರೆದವರು, ಒಂದು ಸಾಹಿತ್ಯಯುಗದ ಬಾಗಿಲಲ್ಲಿ ನಿಂತದ್ದು ಹೇಗೆ? ಇದಕ್ಕೆ ಉತ್ತರವನ್ನು ಅವರ ಪುಸ್ತಕಗಳಿಗಿಂತ ಹೆಚ್ಚಾಗಿ ಅವರ ಕಾಲೇಜಿನ ಸುತ್ತಮುತ್ತ ಹುಡುಕಬೇಕು. ಅಂದ ಹಾಗೆ ಕಣ್ವ ಶಕುಂತಲೆಯ ಹೆತ್ತ ತಂದೆಯಲ್ಲ, ಸಾಕು ತಂದೆ. ಇಂಗ್ಲಿಷ್ ಪ್ರಾಧ್ಯಾಪಕರೊಬ್ಬರಿಗೆ ಈ ಬಿರುದು ಎಷ್ಟು ಸರಿಯಾಗಿ ಒಪ್ಪುತ್ತದೆಂಬುದನ್ನು ಅದನ್ನು ಬಳಸುವವರು ಸಾಮಾನ್ಯವಾಗಿ ಗಮನಿಸುವುದಿಲ್ಲ.

ಆ ಕಾಲದ ಕಾಲೇಜಿನಲ್ಲಿ ಕನ್ನಡದ ಸ್ಥಾನ ಏನಿತ್ತೆಂಬುದನ್ನು ಇಂದು ಊಹಿಸಿಕೊಳ್ಳುವುದು ಕಷ್ಟ. ಪಾಠ, ಪರೀಕ್ಷೆ, ಅಮಲ್ದಾರಿಕೆ, ವಕೀಲಿ ಎಲ್ಲಕ್ಕೂ ಇಂಗ್ಲಿಷ್ ಬೇಕು. ಕನ್ನಡ ಪಂಡಿತರು ಇದ್ದರು, ಅವರಲ್ಲಿ ದೊಡ್ಡ ವಿದ್ವಾಂಸರೂ ಇದ್ದರು. ಆದರೆ ಕಾಲೇಜಿನ ಪಂಕ್ತಿಯಲ್ಲಿ ಅವರ ಎಲೆ ಕೊನೆಯದು. ಇಂಗ್ಲಿಷ್ ಬಲ್ಲ ತರುಣ ಕವಿತೆ ಬರೆಯುವುದಾದರೆ ಇಂಗ್ಲಿಷಿನಲ್ಲೇ ಬರೆಯುತ್ತಿದ್ದ. ಕನ್ನಡದಲ್ಲಿ ಬರೆಯುವುದೆಂದರೆ ಇಂಗ್ಲಿಷ್ ಬಾರದವರ ಕೆಲಸ ಎಂಬ ಭಾವನೆ ಮನೆಮಾಡಿತ್ತು. 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಸ್ಥಾಪನೆಯಾದ ಮೇಲೂ ಕನ್ನಡವನ್ನೇ ಮುಖ್ಯವಾಗಿಟ್ಟುಕೊಂಡು ಉನ್ನತ ವ್ಯಾಸಂಗ ಮಾಡಲು ಹನ್ನೊಂದು ವರ್ಷ ಕಾಯಬೇಕಾಯಿತು.

ಇಂಥ ವಾತಾವರಣದಲ್ಲಿ 1911ರಲ್ಲಿ ಶ್ರೀಕಂಠಯ್ಯನವರು ಧಾರವಾಡಕ್ಕೆ ಹೋಗಿ ಕರ್ನಾಟಕ ವಿದ್ಯಾವರ್ಧಕ ಸಂಘದಲ್ಲಿ 'ಕನ್ನಡ ಮಾತು ತಲೆಯೆತ್ತುವ ಬಗೆ' ಎಂಬ ಉಪನ್ಯಾಸ ಮಾಡಿದರು. ಆಗ ಅವರಿಗೆ 27 ವರ್ಷ. ಧಾರವಾಡ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಮೈಸೂರು ಸಂಸ್ಥಾನದವರಿಗೆ ಅದು ಪರರಾಜ್ಯವೇ ಸರಿ. ಆ ಉಪನ್ಯಾಸದ ಹೆಸರಿನಲ್ಲಿರುವ 'ಬಗೆ' ಎಂಬ ಮಾತು ಮುಖ್ಯ. ಕನ್ನಡದ ಹಿರಿಮೆಯನ್ನು ಕೊಂಡಾಡುವವರು ಆಗಲೂ ಇದ್ದರು, ಅದರ ದುರವಸ್ಥೆಗೆ ಮರುಗುವವರೂ ಇದ್ದರು. ಶ್ರೀಕಂಠಯ್ಯನವರು ಕೇಳಿದ್ದು ಮಾಡಬೇಕಾದದ್ದೇನು ಎಂಬ ಪ್ರಶ್ನೆ. ಮುಂದಿನ 35 ವರ್ಷಗಳ ಅವರ ಬದುಕು ಬಹುಮಟ್ಟಿಗೆ ಆ ಪ್ರಶ್ನೆಗೆ ಕೊಟ್ಟ ಉತ್ತರ.

ಉತ್ತರದ ಮೊದಲ ಕಂತು 'ಇಂಗ್ಲಿಷ್ ಗೀತಗಳು'. 1921ರಲ್ಲಿ ಕಿರುಹೊತ್ತಗೆಯಾಗಿ ಬಂದು, 1926ರಲ್ಲಿ ಬೆಳೆದು ದೊಡ್ಡ ಪುಸ್ತಕವಾಯಿತು. ಇದರ ಮಹತ್ವ ತಿಳಿಯಬೇಕಾದರೆ ಹಳೆಯ ಪದ್ಯದ ಒಂದು ಕಟ್ಟನ್ನು ತಿಳಿದಿರಬೇಕು. ಕಂದ, ವೃತ್ತ, ಷಟ್ಪದಿ ಯಾವುದೇ ಇರಲಿ, ಪ್ರತಿ ಸಾಲಿನ ಎರಡನೆಯ ಅಕ್ಷರದ ವ್ಯಂಜನ ಒಂದೇ ಆಗಿರಬೇಕೆಂಬುದು ನಿಯಮ. ಇದೇ ದ್ವಿತೀಯಾಕ್ಷರ ಪ್ರಾಸ. ಕುಮಾರವ್ಯಾಸನಂಥವನಿಗೆ ಇದು ಆಟ. ಸಾಮಾನ್ಯ ಕವಿಗೆ ಸಂಕೋಲೆ. ಆರು ಸಾಲುಗಳಿಗೆ ಒಂದೇ ಅಕ್ಷರ ಹೊಂದಿಸುವ ಗಡಿಬಿಡಿಯಲ್ಲಿ ಹೇಳಬೇಕಾದ ಮಾತು ಹಿಂದೆ ಬಿದ್ದು, ಹೇಳಬೇಕಿಲ್ಲದ ಮಾತು ಮುಂದೆ ಬರುತ್ತಿತ್ತು. ಕನ್ನಡ ಛಂದಸ್ಸಿಗೆ ಇಂಗ್ಲಿಷಿನ ಬಳುಕು ಇಲ್ಲ ಎಂದು ಇಂಗ್ಲಿಷ್ ಓದಿದವರು ದೂರುತ್ತಿದ್ದುದರಲ್ಲಿ ಸ್ವಲ್ಪ ನಿಜವೂ ಇತ್ತು.

ಈ ಪ್ರಾಸವನ್ನು ಬಿಟ್ಟವರಲ್ಲಿ ಶ್ರೀಕಂಠಯ್ಯನವರು ಮೊದಲಿಗರಲ್ಲ. ಮಂಜೇಶ್ವರದ ಗೋವಿಂದ ಪೈಗಳು 1911ರಲ್ಲೇ ಅದನ್ನು ಕೈಬಿಟ್ಟಿದ್ದರು. ಇಂಗ್ಲಿಷ್ ಕವಿತೆಗಳನ್ನು ಕನ್ನಡಕ್ಕೆ ತಂದವರಲ್ಲೂ ಅವರು ಮೊದಲಿಗರಲ್ಲ. ಹಟ್ಟಿಯಂಗಡಿ ನಾರಾಯಣರಾಯರ 'ಆಂಗ್ಲ ಕವಿತಾವಳಿ' ಅವರಿಗಿಂತ ಮುಂಚೆಯೇ ಬಂದಿತ್ತು, ಪಂಜೆ ಮಂಗೇಶರಾಯರೂ ಆ ಕೆಲಸ ಮಾಡಿದ್ದರು. ಕರಾವಳಿಯವರ ಈ ಹಿರಿತನವನ್ನು ಮರೆಯುವುದು ನ್ಯಾಯವಲ್ಲ. ಹಾಗಿದ್ದರೂ ಹೊಸ ಕಾವ್ಯದ ಲೆಕ್ಕ 'ಇಂಗ್ಲಿಷ್ ಗೀತಗಳು' ಪುಸ್ತಕದಿಂದ ಆರಂಭವಾಗುತ್ತದೆ. ಇದಕ್ಕೆ ಒಂದು ಕಾರಣ ಆ ಪುಸ್ತಕದ ಕಸುಬುದಾರಿಕೆ, ಇನ್ನೊಂದು ಕಾರಣ ಅದನ್ನು ಬರೆದವರ ಉದ್ಯೋಗ.

ಕಸುಬಿನ ವಿಚಾರಕ್ಕೆ ಬಂದರೆ, ಹೊಸ ಲಯಗಳನ್ನು ಅವರು ಇಂಗ್ಲೆಂಡಿನಿಂದ ಹಡಗಿನಲ್ಲಿ ತರಿಸಿಕೊಳ್ಳಲಿಲ್ಲ. ಕ್ಯಾಂಬೆಲ್ ಕವಿಯ ಸ್ಕಾಟ್ಲೆಂಡಿನ ಕಥನಗೀತೆ 'ಕಾರಿಹೆಗ್ಗಡೆಯ ಮಗಳು' ಆಗಿ ಬಂದಾಗ ಅದು ನಡೆಯುವುದು ಮೂರು ಮಾತ್ರೆ, ನಾಲ್ಕು ಮಾತ್ರೆಗಳ ಜೋಡಿ ಹೆಜ್ಜೆಯಲ್ಲಿ. ಇದು ಭಾಮಿನಿ ಷಟ್ಪದಿಯ ಹೆಜ್ಜೆ. ಗದುಗಿನ ಭಾರತವನ್ನು ಗಮಕಿಗಳ ಬಾಯಿಂದ ಕೇಳಿದ ಯಾವ ಹಳ್ಳಿಗನಿಗೂ ಪರಿಚಿತವಾದದ್ದು. ಕಾರ್ಡಿನಲ್ ನ್ಯೂಮನ್ ಬರೆದ ಪ್ರಾರ್ಥನೆ ಐದೈದು ಮಾತ್ರೆಗಳಲ್ಲಿ ಸಾಗುತ್ತದೆ. ಅದು ಲಕ್ಷ್ಮೀಶನ ಜೈಮಿನಿ ಭಾರತದ ವಾರ್ಧಕದ ಗಣ. ಶ್ರೀಕಂಠಯ್ಯನವರು ಮಾಡಿದ್ದು ಷಟ್ಪದಿಯ ಆರು ಸಾಲಿನ ಚೌಕಟ್ಟನ್ನು ಬಿಚ್ಚಿ, ಒಳಗಿದ್ದ ಗಣಗಳನ್ನು ಹೊರಗೆ ತೆಗೆದು, ಸಾಲುಗಳನ್ನು ಬೇಕಾದಷ್ಟು ಉದ್ದ ಬೇಕಾದಷ್ಟು ಗಿಡ್ಡ ಮಾಡಿ, ಎರಡನೆಯ ಅಕ್ಷರದಲ್ಲಿದ್ದ ಪ್ರಾಸವನ್ನು ಸಾಲಿನ ಕೊನೆಗೆ ಸಾಗಿಸಿದ್ದು. ಹಳೆಯ ಮನೆಯ ತೊಲೆ ಕಂಬಗಳಿಂದಲೇ ಹೊಸ ಮನೆ ಕಟ್ಟಿದಂತೆ. ಆದ್ದರಿಂದಲೇ ಕಿವಿಗೆ ಅದು ಪರಕೀಯವೆನಿಸಲಿಲ್ಲ.

ಹೆಸರುಗಳಿಗೂ ಇದೇ ಉಪಾಯ. ಸ್ಕಾಟ್ಲೆಂಡಿನ ಪ್ರಭು ಹೆಗ್ಗಡೆಯಾದ, ಅವನ ಮಗಳನ್ನು ಕರೆದೊಯ್ಯುವ ತರುಣ ನಾಯಕ ಗೌಡನಾದ. ರಾಬರ್ಟ್ ಬರ್ನ್ಸನ ರೈತ ಪ್ರಣಯಿಗಳು ಮಾದ, ಮಾದಿ ಆದರು. ಜರಿಪೇಟದ ಪ್ರಾಧ್ಯಾಪಕರ ಲೇಖನಿಯಿಂದ, ಗ್ರಂಥಸ್ಥ ಕವಿತೆಯಲ್ಲಿ, ಮಾದ ನಾಯಕನಾಗಿ ಬಂದದ್ದು ಆ ಕಾಲಕ್ಕೆ ಸಣ್ಣ ಸಂಗತಿಯಲ್ಲ. ಬರ್ನ್ಸನ ನಂಟು ಮುಂದೆ ಅದೇ ಮಂಡ್ಯ ಸೀಮೆಯಲ್ಲಿ ಇನ್ನೊಮ್ಮೆ ಚಿಗುರಿತು. 1942ರಲ್ಲಿ 'ಮೈಸೂರು ಮಲ್ಲಿಗೆ' ಪ್ರಕಟಿಸಿದ ಕಿಕ್ಕೇರಿಯ ಕವಿ ಬರ್ನ್ಸನನ್ನು ಮೆಚ್ಚಿದವರು, ಅವನ ಪ್ರೇಮಗೀತೆಗಳನ್ನು ಅನುವಾದಿಸಿದವರು. ಇನ್ನು ನ್ಯೂಮನ್ನನ ಪ್ರಾರ್ಥನೆಯಂತೂ ಶಾಲೆಗಳಲ್ಲಿ, ಸಭೆಗಳಲ್ಲಿ ಹಾಡಿ ಹಾಡಿ, ಅದು ಅನುವಾದ ಎಂಬುದೇ ಅನೇಕರಿಗೆ ಮರೆತುಹೋಗಿದೆ.

ಅವರ ಉದ್ಯೋಗದ ವಿಚಾರ ಇನ್ನೂ ಸ್ವಾರಸ್ಯವಾದದ್ದು. ಕವಿಯೊಬ್ಬ ಸ್ವಂತ ಕವಿತೆ ಬರೆದರೆ ಓದುವವನಿಗೆ ಸಿಕ್ಕುವುದು ಸಿದ್ಧವಾದ ಪದಾರ್ಥ. ಅದನ್ನು ಹೇಗೆ ಮಾಡಿದನೆಂಬುದು ಕಾಣುವುದಿಲ್ಲ. ಅನುವಾದದಲ್ಲಿ ಎಲ್ಲವೂ ಬಯಲು. ಮಹಾರಾಜಾ ಕಾಲೇಜಿನ ಹುಡುಗರಿಗೆ ಇಂಗ್ಲಿಷ್ ಮೂಲ ಪರಿಚಿತ, ಎಷ್ಟೋ ಸಲ ಅದು ಪಠ್ಯ. ಅದೇ ಕವಿತೆ ತಮ್ಮ ಮೇಷ್ಟರ ಕೈಯಲ್ಲಿ ಕನ್ನಡವಾದಾಗ, ಎಲ್ಲಿ ಬಿಟ್ಟರು, ಎಲ್ಲಿ ಕೂಡಿಸಿದರು, ಯಾವ ಮಾತಿಗೆ ಯಾವ ಮಾತು ತಂದರು ಎಂಬುದನ್ನು ಪಕ್ಕಪಕ್ಕದಲ್ಲಿಟ್ಟು ನೋಡಬಹುದಾಗಿತ್ತು. ಕವಿತೆ ಬರೆಯಬೇಕೆಂಬ ಆಸೆಯಿದ್ದ ಹುಡುಗನಿಗೆ ಇದಕ್ಕಿಂತ ಒಳ್ಳೆಯ ಪಾಠ ಇರಲಾರದು. 'ನಾನೂ ಇದನ್ನು ಮಾಡಬಲ್ಲೆ' ಎನ್ನಿಸುವ ಪಾಠ. ಜೊತೆಗೆ, ಇಂಗ್ಲಿಷಿನಲ್ಲಿ ಯಾರಿಗೂ ಕಡಿಮೆಯಿಲ್ಲದ ಒಬ್ಬರು ಬೇಕೆಂದೇ ಕನ್ನಡದಲ್ಲಿ ಬರೆಯುತ್ತಿದ್ದಾರೆ ಎಂಬ ಸಂಗತಿ ಕನ್ನಡಕ್ಕೆ ಅಂಟಿದ್ದ ಕೀಳರಿಮೆಯನ್ನು ಸದ್ದಿಲ್ಲದೆ ತೊಡೆಯಿತು.

ನಾಟಕಗಳ ವಿಷಯವನ್ನು ಇಲ್ಲಿ ವಿಸ್ತರಿಸಬೇಕಾಗಿಲ್ಲ. ರನ್ನನ ಕಾವ್ಯದಿಂದ 'ಗದಾಯುದ್ಧ ನಾಟಕಂ' ರೂಪಿಸಿ ದುರ್ಯೋಧನನನ್ನು ದುರಂತನಾಯಕನಾಗಿ ಕಾಣಿಸಿದರು. ಸೊಫೊಕ್ಲಿಸನ 'ಏಜಾಕ್ಸ್' ನಾಟಕವನ್ನು 'ಅಶ್ವತ್ಥಾಮನ್' ಮಾಡಿದರು. ಏಜಾಕ್ಸ್ ಆತ್ಮಹತ್ಯೆ ಮಾಡಿಕೊಳ್ಳುತ್ತಾನೆ, ಅಶ್ವತ್ಥಾಮನಾದರೋ ಚಿರಂಜೀವಿ! ಚಿರಂಜೀವಿಯನ್ನು ರಂಗದ ಮೇಲೆ ಸಾಯಿಸಿದರೆಂಬ ಆಕ್ಷೇಪ ಬಾರದೆ ಇರುವುದು ಸಾಧ್ಯವಿರಲಿಲ್ಲ, ಬಂತು. ಈ ಒಂದು ಪ್ರಯೋಗದಲ್ಲಿ ಗ್ರೀಕರ ಮೇಲಿನ ಪ್ರೀತಿ ಕೊಂಚ ಹೆಚ್ಚೇ ಆಯಿತೆನ್ನಬಹುದು. ಆದರೆ ಪುರಾಣವನ್ನು ಮುಟ್ಟಬಹುದು, ಮುರಿದು ಕಟ್ಟಬಹುದು ಎಂಬ ಧೈರ್ಯ ಮುಂದಿನವರಿಗೆ ಬಂತು.

1926ರಲ್ಲಿ ಶ್ರೀಕಂಠಯ್ಯನವರು ವಿಶ್ವವಿದ್ಯಾನಿಲಯದ ರಿಜಿಸ್ಟ್ರಾರ್ ಆದರು. ಕವಿಗಳ ಚರಿತ್ರೆ ಬರೆಯುವವರು ಇಂಥ ಹುದ್ದೆಗಳನ್ನು ಒಂದು ಸಾಲಿನಲ್ಲಿ ಮುಗಿಸುತ್ತಾರೆ. ಆದರೆ ಕಡತಕ್ಕೆ ಸಹಿ ಮಾಡುವ ಕುರ್ಚಿಯಲ್ಲಿ ಕನ್ನಡದ ಕಾಳಜಿಯುಳ್ಳವರು ಕುಳಿತಿದ್ದಾಗಲೇ, 1927ರಲ್ಲಿ, ಮೈಸೂರಿನಲ್ಲಿ ಕನ್ನಡ ಎಂ.ಎ. ತರಗತಿ ಆರಂಭವಾಯಿತೆಂಬುದು ಕಾಕತಾಳೀಯವಲ್ಲ. ಚಳ್ಳಕೆರೆ ತಾಲ್ಲೂಕಿನ ತಳುಕಿನ ಟಿ.ಎಸ್. ವೆಂಕಣ್ಣಯ್ಯನವರು ಕನ್ನಡದ ಪ್ರಾಧ್ಯಾಪಕರಾದರು. ಆ ಮೊದಲ ವರ್ಷಗಳ ವಿದ್ಯಾರ್ಥಿಗಳಲ್ಲಿ ಇಬ್ಬರ ಹೆಸರು ಹೇಳಿದರೆ ಸಾಕು: ಡಿ.ಎಲ್. ನರಸಿಂಹಾಚಾರ್, ಕೆ.ವಿ. ಪುಟ್ಟಪ್ಪ. ಒಬ್ಬರು 'ವಡ್ಡಾರಾಧನೆ'ಯನ್ನು ಸಂಪಾದಿಸಿ ಹಳೆಯ ಗ್ರಂಥಗಳನ್ನು ಓದುವ ಶಾಸ್ತ್ರವನ್ನು ಕನ್ನಡಕ್ಕೆ ಗಟ್ಟಿಮಾಡಿಕೊಟ್ಟರು. ಇನ್ನೊಬ್ಬರು ಕುವೆಂಪು.

ಮೊದಲು ಇಂಗ್ಲಿಷಿನಲ್ಲಿ ಕವಿತೆ ಬರೆದು 'ಬಿಗಿನರ್ಸ್ ಮ್ಯೂಸ್' ಎಂಬ ಪುಸ್ತಕ ಪ್ರಕಟಿಸಿದ್ದ ಕುವೆಂಪು, ಐರಿಷ್ ಕವಿ ಜೇಮ್ಸ್ ಕಸಿನ್ಸ್ ಅವರ ಸಲಹೆಯಿಂದ 1924ರಲ್ಲಿ ಕನ್ನಡಕ್ಕೆ ಹೊರಳಿದ ಕತೆ ಪ್ರಸಿದ್ಧವಾದದ್ದು. ವಿದೇಶೀಯನೊಬ್ಬ ಬಂದು ಹೇಳಬೇಕಾಯಿತಲ್ಲ ಎಂದು ನಾವು ಅದನ್ನು ಬೆರಗಿನಿಂದ ಹೇಳುತ್ತೇವೆ. ಆದರೆ ಹೊರಳಿದ ಮೇಲೆ ಕಾಲಿಡಲು ನೆಲ ಬೇಕಲ್ಲ? ಆ ನೆಲವನ್ನು ಅದೇ ಊರಿನಲ್ಲಿ ಒಬ್ಬ ಇಂಗ್ಲಿಷ್ ಅಧ್ಯಾಪಕರು ಆಗಲೇ ಉಳುತ್ತಿದ್ದರು. ಕಸಿನ್ಸರ ಒಂದು ಮಾತಿಗಿಂತ ಈ ದಿನದಿನದ ಉಳುಮೆ ಹೆಚ್ಚಿನ ಕೆಲಸ ಮಾಡಿತೆಂದು ಹೇಳಿದರೆ ತಪ್ಪಾಗಲಾರದು.

ಇಲ್ಲಿ ಒಂದು ಎಚ್ಚರವೂ ಬೇಕು. ಕುವೆಂಪು ತಮ್ಮ ಮಹಾಕೃತಿ 'ಶ್ರೀ ರಾಮಾಯಣ ದರ್ಶನಂ' ಅನ್ನು ಅರ್ಪಿಸಿದ್ದು ಶ್ರೀಕಂಠಯ್ಯನವರಿಗಲ್ಲ, ವೆಂಕಣ್ಣಯ್ಯನವರಿಗೆ. ಕಾವ್ಯ ಪ್ರಕಟವಾಗುವ ಹೊತ್ತಿಗೆ ವೆಂಕಣ್ಣಯ್ಯನವರು ತೀರಿಕೊಂಡು ಹತ್ತು ವರ್ಷವಾಗಿತ್ತು. ಅವರು ಕಾಲವಾದದ್ದು 1939ರಲ್ಲಿ. ಇಲ್ಲದ ಗುರುವಿನೊಡನೆ ಶಿಷ್ಯ ಮಾತಾಡುವಂಥ ಆ ಅರ್ಪಣೆ ಕನ್ನಡದ ಗುರುಶಿಷ್ಯ ಸಂಬಂಧದ ಅತ್ಯಂತ ಆರ್ದ್ರವಾದ ದಾಖಲೆಗಳಲ್ಲಿ ಒಂದು. ಗುರುಗಳಲ್ಲಿ ಎರಡು ಬಗೆ. ವೆಂಕಣ್ಣಯ್ಯನವರು ಪಕ್ಕದಲ್ಲಿ ಕುಳಿತು ಕೇಳಿ, ಮೆಚ್ಚಿ, ತಿದ್ದಿ ಬೆಳೆಸಿದವರು. ಅವರ ಸ್ವಂತ ಬರಹ ಇನ್ನೂ ಕಡಿಮೆ. ಶ್ರೀಕಂಠಯ್ಯನವರು ದಾರಿ ಕಡಿದು, ಕಟ್ಟಡ ಎಬ್ಬಿಸಿ, ಒಳಗೆ ಕೂರಲು ವೆಂಕಣ್ಣಯ್ಯನವರಂಥವರಿಗೆ ಜಾಗ ಮಾಡಿದವರು. ಕಣ್ಣಿಗೆ ಕಾಣುವ ಋಣ ಮೊದಲನೆಯವರದು. ಎರಡನೆಯವರ ಋಣ, ನಡೆದವನಿಗೆ ರಸ್ತೆಯ ಋಣ ಇದ್ದಂತೆ.

ಆ ತರಗತಿಯ ಬಾಗಿಲು ತೆರೆದದ್ದರ ಫಲವನ್ನು ಮೂರು ತಲೆಮಾರುಗಳ ಉದ್ದಕ್ಕೂ ನೋಡಬಹುದು. 1929ರಲ್ಲಿ ಎಂ.ಎ. ಮುಗಿಸಿದ ಕುವೆಂಪು ಅದೇ ಕಾಲೇಜಿನಲ್ಲಿ ಅಧ್ಯಾಪಕರಾದರು. 1956ರಿಂದ 1960ರವರೆಗೆ ಕುಲಪತಿಯಾಗಿ ಮಾನಸಗಂಗೋತ್ರಿಯನ್ನು ಕಟ್ಟಿದರು, ಪದವಿ ತರಗತಿಗಳಿಗೆ ಕನ್ನಡ ಮಾಧ್ಯಮವನ್ನು ತರಲು ಮೊದಲಿಟ್ಟರು. ಅವರ ಶಿಷ್ಯ ಜಿ.ಎಸ್. ಶಿವರುದ್ರಪ್ಪನವರು ಬೆಂಗಳೂರು ವಿಶ್ವವಿದ್ಯಾನಿಲಯದ ಕನ್ನಡ ವಿಭಾಗವನ್ನು ಅಧ್ಯಯನ ಕೇಂದ್ರವಾಗಿ ಬೆಳೆಸಿದರು. ಶಿವರುದ್ರಪ್ಪನವರ ಆ ಕೇಂದ್ರದಲ್ಲಿ ಓದಿದವರು ಸಿದ್ಧಲಿಂಗಯ್ಯ; 1975ರಲ್ಲಿ ಅವರ 'ಹೊಲೆಮಾದಿಗರ ಹಾಡು' ಬಂತು. ಬೆಳ್ಳೂರಿನ ವಕೀಲರ ಮಗ ಬರ್ನ್ಸನ ರೈತನಿಗೆ ಮಾದನೆಂದು ಹೆಸರಿಟ್ಟದ್ದಕ್ಕೂ, ಮಾದನ ಮನೆಯ ಹುಡುಗ ತಾನೇ ಕವಿಯಾಗಿ ಎದ್ದುನಿಂತು ತನ್ನ ಮಾತನ್ನು ತಾನೇ ಆಡಿದ್ದಕ್ಕೂ ನಡುವೆ ಅರ್ಧ ಶತಮಾನದ ಹೋರಾಟವಿದೆ. ಅದನ್ನೆಲ್ಲ ಒಂದು ವಿಶ್ವವಿದ್ಯಾನಿಲಯದ ವಿಭಾಗದ ಲೆಕ್ಕಕ್ಕೆ ಬರೆಯಲಾಗದು. ಮಹಾರಾಜಾ ಕಾಲೇಜಿನ ಬೆಂಚುಗಳಲ್ಲಿ ಬ್ರಾಹ್ಮಣೇತರರು ವಿರಳವಾಗಿದ್ದ ದಿನಗಳಲ್ಲಿ, 1918ರ ಮಿಲ್ಲರ್ ಸಮಿತಿಯ ಸುತ್ತ ನಡೆದ ಚಳವಳಿಯೂ ಅದರಲ್ಲಿ ಸೇರುತ್ತದೆ. ಆದರೂ ಮನೆಯಲ್ಲಿ ಇಂಗ್ಲಿಷ್ ಇಲ್ಲದ ಹುಡುಗನಿಗೆ ಎಂ.ಎ.ವರೆಗೆ ಕನ್ನಡದಲ್ಲೇ ಓದುವ ಒಂದು ದಾರಿ ಇದ್ದುದರಿಂದ ಏನೇನಾಯಿತೆಂಬುದನ್ನು ಈ ಹೆಸರುಗಳೇ ಹೇಳುತ್ತವೆ.

ಶ್ರೀಕಂಠಯ್ಯನವರಿಂದ ಬೆಳೆದ ಇನ್ನೊಂದು ಸಂಪ್ರದಾಯ ಎಷ್ಟು ಸಹಜವಾಗಿ ಹೋಗಿದೆಯೆಂದರೆ, ಅದು ವಿಚಿತ್ರವೆಂದು ಯಾರಿಗೂ ತೋರುವುದಿಲ್ಲ. ಇಂಗ್ಲಿಷ್ ಪಾಠ ಹೇಳುವುದು, ಕನ್ನಡದಲ್ಲಿ ಬರೆಯುವುದು. ಅವರ ಶಿಷ್ಯರಾದ ಎಸ್.ವಿ. ರಂಗಣ್ಣ, ಎ.ಎನ್. ಮೂರ್ತಿರಾವ್ ಇಬ್ಬರೂ ಇಂಗ್ಲಿಷ್ ಅಧ್ಯಾಪಕರು. 'ಭಾರತೀಯ ಕಾವ್ಯಮೀಮಾಂಸೆ' ಬರೆದ ತೀ.ನಂ. ಶ್ರೀಕಂಠಯ್ಯನವರು ಇಂಗ್ಲಿಷ್, ಕನ್ನಡ ಎರಡರಲ್ಲೂ ಎಂ.ಎ. ಮಾಡಿದವರು. ಮುಂದೆ ವಿ.ಕೃ. ಗೋಕಾಕ್, ಗೋಪಾಲಕೃಷ್ಣ ಅಡಿಗ, ಶಾಂತಿನಾಥ ದೇಸಾಯಿ, ಯು.ಆರ್. ಅನಂತಮೂರ್ತಿ, ಪಿ. ಲಂಕೇಶ್, ಚಂದ್ರಶೇಖರ ಪಾಟೀಲ, ಕೆ.ವಿ. ತಿರುಮಲೇಶ್: ತರಗತಿಯಲ್ಲಿ ಇಂಗ್ಲಿಷ್, ಮನೆಯ ಮೇಜಿನ ಮೇಲೆ ಕನ್ನಡ. ಇವರೆಲ್ಲ ಬಿ.ಎಂ.ಶ್ರೀ ಅವರ ಶಿಷ್ಯರಲ್ಲ, ಕೆಲವರು ಅವರ ಕಾವ್ಯದ ಬಗ್ಗೆ ಒಳ್ಳೆಯ ಮಾತಾಡಿದವರೂ ಅಲ್ಲ. ಅಡಿಗರು 1950ರ ದಶಕದಲ್ಲಿ ಮಾಡಿದ್ದಂತೂ 'ಇಂಗ್ಲಿಷ್ ಗೀತಗಳು' ಕಲಿಸಿದ ಇಂಪಾದ ಲಯವನ್ನು ಒಡೆಯುವ ಕೆಲಸ. ನವೋದಯದ ಹಾಡು ಆ ಹೊತ್ತಿಗೆ ಸಲೀಸಾಗಿ, ಯಾರು ಬೇಕಾದರೂ ಹಾಡಬಹುದಾದ ಧಾಟಿಯಾಗಿಬಿಟ್ಟಿತ್ತು, ಒಡೆಯಬೇಕಾದದ್ದೇ. ಆದರೆ ಇಂಗ್ಲಿಷಿನಲ್ಲಿ ಎಲಿಯಟ್ಟನನ್ನು ಓದಿ ಕನ್ನಡದ ಲಯವನ್ನು ಒಡೆಯಲು ಹೊರಟ ಅಡಿಗರು ಅನುಸರಿಸಿದ ವಿಧಾನ, ಇಂಗ್ಲಿಷಿನಲ್ಲಿ ಬರ್ನ್ಸನನ್ನು ಓದಿ ಷಟ್ಪದಿಯನ್ನು ಬಿಚ್ಚಿದವರ ವಿಧಾನವೇ.

ಬೇಂದ್ರೆಯವರನ್ನು ಮಾತ್ರ ಈ ಲೆಕ್ಕಕ್ಕೆ ಸೇರಿಸುವ ದುಡುಕು ಸಲ್ಲದು. ಧಾರವಾಡದ ಗೆಳೆಯರ ಗುಂಪು ಬೇರೆಯೇ ಬಾವಿಯಿಂದ ನೀರು ಸೇದಿತು. ಅಲ್ಲಿ ಜನಪದ ಗೀತ, ಮರಾಠಿ, ಅರವಿಂದರ ಪ್ರಭಾವ ಎಲ್ಲವೂ ಇದ್ದವು. ಹೊಸಗನ್ನಡ ಕಾವ್ಯವೆಲ್ಲ ಮೈಸೂರಿನ ಒಂದು ಕಾಲೇಜಿನಿಂದ ಹೊರಟಿತೆಂದು ಹೇಳುವ ಅಭ್ಯಾಸ ಹಳೆಯ ಮೈಸೂರಿನ ಸಾಹಿತ್ಯ ಚರಿತ್ರಕಾರರಲ್ಲಿ ಒಂದು ಕಾಲಕ್ಕೆ ಇತ್ತು. ಶ್ರೀಕಂಠಯ್ಯನವರ ದೊಡ್ಡತನಕ್ಕೆ ಆ ಉತ್ಪ್ರೇಕ್ಷೆ ಬೇಕಾಗಿಲ್ಲ.

ಇಷ್ಟೆಲ್ಲ ಮಾಡಿದ್ದಕ್ಕೆ ಅವರು ತೆತ್ತ ಬೆಲೆಯೂ ಇದೆ. 1928ರ ಕಲಬುರ್ಗಿ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆ, ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಪ್ರಾಧ್ಯಾಪಕತ್ವ, 1938ರಿಂದ ಕನ್ನಡ ಸಾಹಿತ್ಯ ಪರಿಷತ್ತಿನ ಉಪಾಧ್ಯಕ್ಷತೆ, ಊರೂರಿನಲ್ಲಿ ಭಾಷಣ. ಪರಿಷತ್ತಿನ 'ಕಾವ', 'ಜಾಣ' ಪರೀಕ್ಷೆಗಳೂ 'ಕನ್ನಡ ನುಡಿ' ಪತ್ರಿಕೆಯೂ ಅವರ ಕಾಲದಲ್ಲಿ ಹುಟ್ಟಿದವು. ಬೇರೆಯವರು ಬರೆಯಲು ಬೇಕಾದ ಅನುಕೂಲಗಳನ್ನು ಕಲ್ಪಿಸುತ್ತ ಹೋದವರ ಸ್ವಂತ ಕೃತಿಗಳು ಅರ್ಧಕ್ಕೆ ನಿಂತವು. ಕನ್ನಡ ಸಾಹಿತ್ಯ ಚರಿತ್ರೆಯನ್ನು ಬರೆಯಲು ಅವರಿಗಿಂತ ಅರ್ಹರು ಆಗ ಯಾರಿದ್ದರು? ಅದು ಮುಗಿಯಲಿಲ್ಲ. 1941ರಲ್ಲಿ ಶಿಷ್ಯರೂ ಸ್ನೇಹಿತರೂ ಸೇರಿ 'ಸಂಭಾವನೆ' ಎಂಬ ಗ್ರಂಥವನ್ನು ಅವರಿಗೆ ಒಪ್ಪಿಸಿದರು. ಅಭಿನಂದನ ಗ್ರಂಥಗಳೆಂದರೆ ಹೊಗಳಿಕೆಯ ಕಂತೆ ಎಂದು ತಿಳಿದಿರುವವರು ಅದನ್ನು ಒಮ್ಮೆ ತೆರೆದು ನೋಡಬೇಕು. ಗುರುವಿಗೆ ಕೊಡಬೇಕಾದದ್ದು ಒಳ್ಳೆಯ ಬರಹ ಎಂಬ ತಿಳಿವಳಿಕೆ ಅದರಲ್ಲಿದೆ. ಅವರ ಬದುಕು ಬರಹಗಳನ್ನು ಕುರಿತು ಕೇಂದ್ರ ಸಾಹಿತ್ಯ ಅಕಾಡೆಮಿಗಾಗಿ ಪುಸ್ತಕ ಬರೆದವರು ಅಕ್ಕಿಹೆಬ್ಬಾಳಿನ ಮೂರ್ತಿರಾಯರು. ಬೆಂಗಳೂರಿನಲ್ಲಿ ಬಿ.ಎಂ.ಶ್ರೀ ಸ್ಮಾರಕ ಪ್ರತಿಷ್ಠಾನವನ್ನು ಕಟ್ಟಿ ನಿಲ್ಲಿಸಿದವರು ಇನ್ನೊಬ್ಬ ಶಿಷ್ಯ ಎಂ.ವಿ. ಸೀತಾರಾಮಯ್ಯ.

ಮೈಸೂರಿನ ಮಹಾರಾಜರಿಂದ 'ರಾಜಸೇವಾಸಕ್ತ' ಬಿರುದು ಪಡೆದು, ಸರ್ಕಾರಿ ನೌಕರಿಯಿಂದ ನಿವೃತ್ತರಾದ ಮೇಲೆ ವಿಶ್ರಾಂತಿ ಪಡೆಯಬಹುದಾಗಿತ್ತು. 1944ರಲ್ಲಿ, 60ರ ವಯಸ್ಸಿನಲ್ಲಿ, ಅವರು ಧಾರವಾಡಕ್ಕೆ ಹೊರಟರು. ಅಲ್ಲಿನ ಕರ್ನಾಟಕ ಶಿಕ್ಷಣ ಮಂಡಳಿಯ ಕಾಲೇಜಿನಲ್ಲಿ ಪ್ರಾಂಶುಪಾಲರಾಗಿ ಸೇರಿದರು. 33 ವರ್ಷಗಳ ಹಿಂದೆ ಕನ್ನಡ ತಲೆಯೆತ್ತುವ ಬಗೆಯನ್ನು ಕುರಿತು ಮಾತಾಡಿದ್ದ ಊರು. ಅದು ಆಗಲೂ ಮುಂಬಯಿ ಪ್ರಾಂತದಲ್ಲೇ ಇತ್ತು. ಅಲ್ಲೇ 1946ರ ಜನವರಿ 5ರಂದು, 62 ತುಂಬಿದ ಎರಡು ದಿನಕ್ಕೆ, ತೀರಿಕೊಂಡರು.